ಸ್ವಾಹಿಲಿ ಕರಾವಳಿಯ ಹಳೆಯ ಊರುಗಳಲ್ಲಿ ಸ್ವಯಂಸೇವೆ: ಹೋಗುವ ಮುನ್ನ ತಿಳಿದಿರಬೇಕಾದದ್ದು

‘ಆಫ್ರಿಕಾಕ್ಕೆ ಹೋಗಿ ಅಲ್ಲಿನ ಪರಂಪರೆ ಉಳಿಸುವ ಕೆಲಸಕ್ಕೆ ಕೈಜೋಡಿಸಬೇಕೆಂದಿದ್ದೇನೆ, ಎಲ್ಲಿಂದ ಶುರು ಮಾಡಲಿ?’ ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ವಾಸ್ತುಶಿಲ್ಪ ಓದುತ್ತಿರುವವರಿದ್ದಾರೆ, ನಿವೃತ್ತ ಮೇಷ್ಟ್ರುಗಳಿದ್ದಾರೆ, ಕೆಲಸ ಬಿಟ್ಟು ಮೂರು ತಿಂಗಳು ಸುತ್ತಾಡಬೇಕೆಂದಿರುವ ಸಾಫ್ಟ್‌ವೇರ್ ಎಂಜಿನಿಯರುಗಳೂ ಇದ್ದಾರೆ. ಎಲ್ಲರಿಗೂ ನನ್ನ ಮೊದಲ ಮಾತು ಒಂದೇ. ಆಫ್ರಿಕಾ ಒಂದು ಊರಲ್ಲ, ಐವತ್ತನಾಲ್ಕು ದೇಶಗಳ ಖಂಡ. ಯಾವ ದೇಶ, ಯಾವ ಊರು, ಯಾವ ಕೆಲಸ ಎಂದು ಹೇಳಲು ಬಾರದಿದ್ದರೆ ಹೊರಡುವ ಕಾಲ ಇನ್ನೂ ಬಂದಿಲ್ಲ.

ಆದ್ದರಿಂದ ಇಲ್ಲಿ ಒಂದೇ ಕರಾವಳಿಯ ಮಾತಾಡುತ್ತೇನೆ. ಕೆನ್ಯಾದ ಲಾಮು ಮತ್ತು ಮೊಂಬಾಸಾ, ತಾಂಜಾನಿಯಾದ ಜಾಂಜಿಬಾರ್ ಮತ್ತು ಕಿಲ್ವಾ. ಇವು ಸ್ವಾಹಿಲಿ ಭಾಷೆಯ ಸೀಮೆ. ಕಿಲ್ವಾ ಕಿಸಿವಾನಿ ಮತ್ತು ಸೊಂಗೊ ಮ್ನಾರಾ ಅವಶೇಷಗಳು 1981ರಲ್ಲಿ, ಜಾಂಜಿಬಾರಿನ ಸ್ಟೋನ್ ಟೌನ್ 2000ದಲ್ಲಿ, ಲಾಮು ಹಳೆಯ ಪಟ್ಟಣ 2001ರಲ್ಲಿ, ಮೊಂಬಾಸಾದ ಫೋರ್ಟ್ ಜೀಸಸ್ 2011ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಮಾನ್ಸೂನ್ ಗಾಳಿ ಹಿಡಿದು ಹಾಯಿಹಡಗುಗಳು ನಮ್ಮ ಪಡುವಣ ತೀರಕ್ಕೂ ಆ ತೀರಕ್ಕೂ ನೂರಾರು ವರ್ಷ ಓಡಾಡಿದವು. ಆ ಓಡಾಟದ ಗುರುತು ಅಲ್ಲಿನ ಬಾಗಿಲುಗಳಲ್ಲಿಯೂ ಇದೆ, ಮಾತಿನಲ್ಲಿಯೂ ಇದೆ. ಗಾಡಿಗೆ ‘ಗಾರಿ’, ಅಂಗಡಿಗೆ ‘ದುಕಾ’, ಲಕ್ಷಕ್ಕೆ ‘ಲಾಕಿ’ ಎನ್ನುತ್ತಾರೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀವು ಯಾವುದನ್ನೂ ‘ಉಳಿಸಲು’ ಹೋಗುತ್ತಿಲ್ಲ. ಮಾಲಿ ದೇಶದ ಟಿಂಬಕ್ಟುವಿನಲ್ಲಿ 2012ರಲ್ಲಿ ಉಗ್ರರು ಸಂತರ ಗೋರಿಗಳನ್ನು ಕೆಡವಿದರು. ಯುನೆಸ್ಕೊ ಹಣ ಹೊಂದಿಸಿತು, ಆದರೆ ಗೋರಿಗಳನ್ನು ಮತ್ತೆ ಕಟ್ಟಿದ್ದು ಆ ಊರಿನದೇ ಮಣ್ಣಿನ ಮೇಸ್ತ್ರಿಗಳು. ಅಂಥ ಊರುಗಳಲ್ಲಿ ಪರಂಪರೆ ಇರುವುದು ಗೋಡೆಯಲ್ಲಲ್ಲ, ಮೇಸ್ತ್ರಿಯ ಕೈಯಲ್ಲಿ. ನೀವು ಅವನ ಕೈಕೆಳಗಿನ ಆಳು. ಗಾರೆ ಕಲಸುವ, ಕಲ್ಲು ಹೊರುವ, ಲೆಕ್ಕ ಬರೆಯುವ, ಚಿತ್ರ ತೆಗೆಯುವ ಆಳು. ಇದಕ್ಕೆ ಒಪ್ಪಿಗೆ ಇದ್ದರೆ ಮುಂದೆ ಓದಿ.

ಹಂತ 1: ಕೆಲಸ ಯಾವುದೆಂದು ಗೊತ್ತುಮಾಡಿಕೊಳ್ಳಿ

ಕಟ್ಟಡದ ಕೆಲಸವೆಂದರೆ ಹಳೆಯ ಗಾರೆ ಕೆರೆಯುವುದು, ಸುಣ್ಣ ಸೋಸುವುದು, ಅವಶೇಷಗಳ ಸುತ್ತ ಕಳೆ ಕೀಳುವುದು. ಮೈ ಗಟ್ಟಿ ಇರಬೇಕು, ಪದವಿ ಬೇಕಿಲ್ಲ. ದಾಖಲಾತಿಯ ಕೆಲಸವೆಂದರೆ ಕಟ್ಟಡದ ಸ್ಥಿತಿಯನ್ನು ಬರೆದಿಡುವುದು, ಫೋಟೊ ತೆಗೆಯುವುದು, ಹಿರಿಯರ ನೆನಪುಗಳನ್ನು ಧ್ವನಿಮುದ್ರಿಸುವುದು. ಇದಕ್ಕೆ ತಾಳ್ಮೆ ಬೇಕು, ಸ್ವಾಹಿಲಿ ಬಲ್ಲ ಜೊತೆಗಾರ ಬೇಕು. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ: ಕರಾವಳಿಯ ಕೆಲಸ. ಕಿಲ್ವಾದಲ್ಲಿ ಅವಶೇಷಗಳಿಗೆ ಅಲೆಗಳಿಂದಲೇ ದೊಡ್ಡ ಅಪಾಯವಿತ್ತು, 2004ರಲ್ಲಿ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತ್ತು. ಕಟ್ಟಡಗಳ ದುರಸ್ತಿಯ ಜೊತೆಗೆ ದಡ ಕಾಯಲು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನೂ ನೆಡಲಾಯಿತು; 2014ರಲ್ಲಿ ಕಿಲ್ವಾ ಆ ಪಟ್ಟಿಯಿಂದ ಹೊರಬಂತು. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಸಸಿ ನೆಡುವುದೂ ಪರಂಪರೆಯ ಕೆಲಸವೇ.

ಉತ್ಖನನದ ಆಸೆ ಇದ್ದರೆ ಅದು ಸ್ವಯಂಸೇವೆಯ ದಾರಿಯಲ್ಲಿ ಸಿಗುವುದಿಲ್ಲ. ಸಂಶೋಧನೆ ಮಾಡಲು ಕೆನ್ಯಾದಲ್ಲಿ ನಾಕೋಸ್ಟಿ, ತಾಂಜಾನಿಯಾದಲ್ಲಿ ಕೋಸ್ಟೆಕ್ ಎಂಬ ಸರ್ಕಾರಿ ಆಯೋಗಗಳ ಪರವಾನಗಿ ಬೇಕು. ಪರವಾನಗಿ ಇರುವ ವಿಶ್ವವಿದ್ಯಾಲಯದ ತಂಡದೊಂದಿಗೆ ಮಾತ್ರ ಹೋಗಿ.

ಹಂತ 2: ಕರೆಯುತ್ತಿರುವವರು ಯಾರೆಂದು ಪರೀಕ್ಷಿಸಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ‘ಎರಡು ವಾರ, ಎರಡು ಸಾವಿರ ಡಾಲರ್, ಬೆಳಗ್ಗೆ ಪರಂಪರೆ, ಮಧ್ಯಾಹ್ನ ಅನಾಥಾಲಯ, ವಾರಾಂತ್ಯ ಸಫಾರಿ’ ಎಂಬ ಜಾಹೀರಾತು ಕಂಡರೆ ಪುಟ ಮುಚ್ಚಿ. ಪ್ರವಾಸಿಗರು ಬರುತ್ತಾರೆಂದೇ ಮಕ್ಕಳನ್ನು ಮನೆಯಿಂದ ಬಿಡಿಸಿ ಅನಾಥಾಲಯಕ್ಕೆ ತುಂಬಿಸಿದ ಉದಾಹರಣೆಗಳು ಹಲವು ದೇಶಗಳಲ್ಲಿ ಬಯಲಾಗಿವೆ. ಪರಂಪರೆಯ ಹೆಸರಿನಲ್ಲಿಯೂ ಆ ವ್ಯಾಪಾರಕ್ಕೆ ನಿಮ್ಮ ದುಡ್ಡು ಸೇರಬಾರದು.

ನಂಬಬಹುದಾದ ದಾರಿಗಳು ಕಡಿಮೆ, ಆದರೆ ಇವೆ. ಯುನೆಸ್ಕೊ 2008ರಿಂದ ವಿಶ್ವ ಪರಂಪರೆ ಸ್ವಯಂಸೇವಕರ ಯೋಜನೆಯನ್ನು ನಡೆಸುತ್ತಿದೆ. ಪ್ರತಿ ವರ್ಷ ಶಿಬಿರಗಳ ಪಟ್ಟಿ ಹೊರಬರುತ್ತದೆ. ಶಿಬಿರ ನಡೆಸುವುದು ಆಯಾ ದೇಶದ ಸ್ಥಳೀಯ ಸಂಸ್ಥೆ. ಕೆನ್ಯಾದಲ್ಲಿ ಕೆವಿಡಿಎ ಎಂದು ಕರೆಯುವ ಕೆನ್ಯಾ ವಾಲಂಟರಿ ಡೆವಲಪ್‌ಮೆಂಟ್ ಅಸೋಸಿಯೇಷನ್, ತಾಂಜಾನಿಯಾದಲ್ಲಿ ಉವಿಕಿಯುಟಾ, ಇವು ಶ್ರಮದಾನ ಶಿಬಿರಗಳನ್ನು ನಡೆಸುವ ಹಳೆಯ ಸಂಸ್ಥೆಗಳು. ಇಂಥ ಜಾಲದಲ್ಲಿ ಸಾಮಾನ್ಯವಾಗಿ ನಿಮ್ಮ ದೇಶದ ‘ಕಳಿಸುವ ಸಂಸ್ಥೆ’ಯ ಮೂಲಕ ಅರ್ಜಿ ಹಾಕಬೇಕು. ಬೆಂಗಳೂರಿನಲ್ಲಿಯೇ ಇರುವ ಎಫ್‌ಎಸ್‌ಎಲ್ ಇಂಡಿಯಾ ಈ ಕ್ಷೇತ್ರದಲ್ಲಿದೆ; ಅಲ್ಲಿ ವಿಚಾರಿಸುವುದರಿಂದ ಆರಂಭಿಸಬಹುದು. ವಿಮಾನದ ಖರ್ಚು ನಿಮ್ಮದೇ. ಊಟ, ವಸತಿಗೆ ಶಿಬಿರ ಶುಲ್ಕವೂ ಇರುತ್ತದೆ. ಶುಲ್ಕವಿದೆ ಎಂದಾಕ್ಷಣ ಮೋಸ ಎಂದುಕೊಳ್ಳಬೇಡಿ, ಆದರೆ ಹಣ ಎಲ್ಲಿಗೆ ಹೋಗುತ್ತದೆ ಎಂದು ಕೇಳಲು ಸಂಕೋಚವೂ ಬೇಡ.

ಅರ್ಜಿ ಹಾಕುವ ಮೊದಲು ಈ ಪ್ರಶ್ನೆಗಳನ್ನು ಲಿಖಿತವಾಗಿ ಕೇಳಿ. ಕಟ್ಟಡದ ಒಡೆಯರು ಯಾರು, ಅವರ ಒಪ್ಪಿಗೆ ಇದೆಯೇ? ಜಾಂಜಿಬಾರಿನಲ್ಲಾದರೆ ಸ್ಟೋನ್ ಟೌನ್ ಸಂರಕ್ಷಣಾ ಪ್ರಾಧಿಕಾರದ, ಕೆನ್ಯಾದಲ್ಲಾದರೆ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸಂಸ್ಥೆಯ ಅನುಮತಿ ಇದೆಯೇ? ಮೇಸ್ತ್ರಿ ಯಾರು, ಅವನಿಗೆ ಎಷ್ಟು ದಿನದ ಸಂಬಳ ಗೊತ್ತುಮಾಡಲಾಗಿದೆ? ಶಿಬಿರ ಮುಗಿದ ಮೇಲೆ ಆ ಗೋಡೆಯನ್ನು ಯಾರು ನೋಡಿಕೊಳ್ಳುತ್ತಾರೆ? ಕೊನೆಯ ಎರಡು ಪ್ರಶ್ನೆಗಳಿಗೆ ಹಾರಿಕೆಯ ಉತ್ತರ ಬಂದರೆ ಬೇರೆ ಶಿಬಿರ ಹುಡುಕಿ. ಊರಿನ ಕೂಲಿಯವನ ಅನ್ನಕ್ಕೆ ಕಲ್ಲು ಹಾಕಿ ನೀವು ಪುಕ್ಕಟೆ ಗಾರೆ ಕಲಸುವುದು ಸೇವೆಯಲ್ಲ.

ಹಂತ 3: ಕಾಗದಪತ್ರ

ಪ್ರವಾಸಿ ವೀಸಾದಲ್ಲಿ ಸಂಬಳವಿಲ್ಲದ ಕೆಲಸವೂ ಕೆಲಸವೇ. ‘ಯಾರು ಕೇಳುತ್ತಾರೆ, ಪ್ರವಾಸಿ ಎಂದು ಹೇಳಿ’ ಎನ್ನುವವರ ಮಾತು ಕೇಳಬೇಡಿ. ಸಿಕ್ಕಿಬಿದ್ದರೆ ದಂಡ ತೆರುವವರೂ ಗಡೀಪಾರಾಗುವವರೂ ನೀವು. ಕೆನ್ಯಾ 2024ರ ಜನವರಿಯಿಂದ ವೀಸಾದ ಬದಲು ಇ-ಟಿಎ ಎಂಬ ಮುಂಗಡ ಪ್ರಯಾಣ ಅನುಮತಿ ಜಾರಿಗೆ ತಂದಿದೆ. ಕೆಲಸಕ್ಕೆ ಅದೊಂದೇ ಸಾಲದು, ಪ್ರತ್ಯೇಕ ಪಾಸ್ ಬೇಕು. ತಾಂಜಾನಿಯಾದಲ್ಲಿಯೂ ಸ್ವಯಂಸೇವಕರಿಗೆ ಬೇರೆ ಪರವಾನಗಿ ಇದೆ. ಜಾಂಜಿಬಾರ್ ಅರೆಸ್ವಾಯತ್ತ ಪ್ರದೇಶವಾದ್ದರಿಂದ ಅಲ್ಲಿನ ನಿಯಮವನ್ನು ಬೇರೆಯಾಗಿಯೇ ವಿಚಾರಿಸಬೇಕು. ಯಾವ ಪಾಸ್, ಎಷ್ಟು ಶುಲ್ಕ, ಯಾರು ಅರ್ಜಿ ಹಾಕುತ್ತಾರೆ ಎಂಬುದನ್ನು ಆತಿಥೇಯ ಸಂಸ್ಥೆಯಿಂದ ಬರೆಸಿಕೊಂಡ ಮೇಲೆಯೇ ಟಿಕೆಟ್ ತೆಗೆಯಿರಿ.

ಜಾಂಜಿಬಾರಿಗೆ ಹೋಗುವ ವಿದೇಶಿಯರು 2024ರ ಅಕ್ಟೋಬರ್ 1ರಿಂದ ಅಲ್ಲಿನ ಸರ್ಕಾರಿ ವಿಮಾ ಸಂಸ್ಥೆಯ ಪ್ರಯಾಣ ವಿಮೆಯನ್ನು ಕಡ್ಡಾಯವಾಗಿ ಕೊಳ್ಳಬೇಕು. ಆರಂಭದಲ್ಲಿ ವಯಸ್ಕರಿಗೆ 44 ಡಾಲರ್ ಎಂದು ನಿಗದಿಯಾಗಿತ್ತು. ನೀವು ಬೆಂಗಳೂರಿನಲ್ಲಿ ಕೊಂಡ ವಿಮೆ ಇದ್ದರೂ ಇದು ತಪ್ಪುವುದಿಲ್ಲ.

ಹಳದಿ ಜ್ವರದ ಲಸಿಕೆಯ ವಿಷಯದಲ್ಲಿ ಎಚ್ಚರ ಬೇಕು. ತೊಂದರೆ ಹೋಗುವಾಗ ಬರುವುದಕ್ಕಿಂತ ಹಿಂದಿರುಗುವಾಗ ಹೆಚ್ಚು. ಕೆನ್ಯಾದಿಂದ ಬರುವವರ ಬಳಿ ಈ ಪ್ರಮಾಣಪತ್ರ ಇಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲಿಯೇ ಹಿಡಿದು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ತಾಂಜಾನಿಯಾಕ್ಕೆ ಮಾತ್ರ ಹೋಗುವವರೂ ನೈರೋಬಿ ಅಥವಾ ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸುವಂತಿದ್ದರೆ ಈ ಪತ್ರ ಇಟ್ಟುಕೊಳ್ಳುವುದೇ ಕ್ಷೇಮ. ಕೇಂದ್ರ ಆರೋಗ್ಯ ಸಚಿವಾಲಯ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಇದನ್ನು ಹಾಕಿಸಬೇಕು. ನಿಮ್ಮ ಬೀದಿಯ ಆಸ್ಪತ್ರೆಯ ಚೀಟಿ ನಡೆಯುವುದಿಲ್ಲ. ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಂಡಿರಬೇಕು. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಲ್ಲುತ್ತದೆ. ಅರವತ್ತು ದಾಟಿದವರು, ಮೊಟ್ಟೆಯ ಅಲರ್ಜಿ ಇರುವವರು ವೈದ್ಯರ ಸಲಹೆ ಪಡೆಯದೆ ಹಾಕಿಸಿಕೊಳ್ಳಬಾರದು. ಮಲೇರಿಯಾ ಮಾತ್ರೆಯ ಬಗ್ಗೆಯೂ ಅದೇ ಭೇಟಿಯಲ್ಲಿ ಕೇಳಿಬಿಡಿ.

ಲಾಮುವಿಗೆ ಹೋಗುವವರಿಗೆ ಒಂದು ಮಾತು. ಅದೇ ಕೌಂಟಿಯ ಮುಖ್ಯಭೂಮಿಯಲ್ಲಿ, ಸೊಮಾಲಿಯಾ ಗಡಿಯ ಕಡೆ, ಅಲ್ ಶಬಾಬ್ ಉಗ್ರರ ದಾಳಿಗಳು ನಡೆದಿವೆ. ದ್ವೀಪದ ಸ್ಥಿತಿ ಬೇರೆ, ಆದರೆ ಹೊರಡುವ ವಾರ ಪ್ರಯಾಣ ಸೂಚನೆಗಳನ್ನು ನೋಡಿ, ರಸ್ತೆಯ ಬದಲು ವಿಮಾನದಲ್ಲಿಯೇ ಹೋಗಿ.

ಹಂತ 4: ಯಾವಾಗ, ಏನು ಹೊತ್ತು

ಮಾರ್ಚ್ ಕೊನೆಯಿಂದ ಮೇವರೆಗೆ ‘ಮಸಿಕಾ’, ಅಂದರೆ ದೊಡ್ಡ ಮಳೆ. ಹಸಿ ಸುಣ್ಣದ ಗಾರೆಗೆ ಜಡಿಮಳೆ ಶತ್ರು. ಆಗ ಹೋದರೆ ಜಗಲಿಯಲ್ಲಿ ಕುಳಿತು ಚಹಾ ಕುಡಿಯುವುದೇ ಕೆಲಸ. ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ರಂಜಾನ್ ಯಾವಾಗ ಬೀಳುತ್ತದೆ ಎಂದೂ ನೋಡಿಕೊಳ್ಳಿ. ಈ ಊರುಗಳಲ್ಲಿ ಮುಸ್ಲಿಮರೇ ಹೆಚ್ಚು. ಉಪವಾಸದ ತಿಂಗಳಲ್ಲಿ ಕೆಲಸದ ಹೊತ್ತು ಬದಲಾಗುತ್ತದೆ, ಹಗಲು ಬೀದಿಯಲ್ಲಿ ತಿನ್ನುವುದು ಕುಡಿಯುವುದು ಸಲ್ಲದು.

ಭುಜ, ಮೊಣಕಾಲು ಮುಚ್ಚುವ ಹತ್ತಿ ಬಟ್ಟೆ, ಸುತ್ತಲೂ ಮುಚ್ಚಿಕೊಳ್ಳುವ ರಕ್ಷಣಾ ಕನ್ನಡಕ, ರಬ್ಬರ್ ಕೈಗವಸು, ಗಟ್ಟಿ ಬೂಟು, ಟೋಪಿ. ಪ್ಲಾಸ್ಟಿಕ್ ಚೀಲಗಳನ್ನು ಮನೆಯಲ್ಲಿಯೇ ಬಿಡಿ. ಕೆನ್ಯಾ 2017ರಲ್ಲಿ, ತಾಂಜಾನಿಯಾ 2019ರಲ್ಲಿ ನಿಷೇಧಿಸಿವೆ. ಉಪ್ಪಿನಕಾಯಿ ಸುತ್ತಿದ ಕವರ್ ಕೂಡ ಕಷ್ಟ ತರಬಹುದು. ಅನುಮತಿಯಿಲ್ಲದ ಡ್ರೋನ್ ಸಹ ಬೇಡ.

ಹಂತ 5: ನಾಲ್ಕು ಮಾತು, ಒಂದು ಗಡಿಯಾರ

ಹಿರಿಯರಿಗೆ ‘ಶಿಕಾಮೂ’ ಎನ್ನಿ, ಅವರು ‘ಮರಹಬಾ’ ಎಂದು ಒಪ್ಪಿಸಿಕೊಳ್ಳುತ್ತಾರೆ. ನಮ್ಮಲ್ಲಿ ಹಿರಿಯರ ಕಾಲಿಗೆರಗುವುದಕ್ಕೆ ಹತ್ತಿರದ ಮಾತು ಇದು. ಯಾರ ಮನೆಗೆ ಹೋದರೂ ಬಾಗಿಲಲ್ಲಿ ನಿಂತು ‘ಹೋದಿ’ ಎನ್ನಬೇಕು. ಒಳಗಿನಿಂದ ‘ಕರಿಬು’ ಕೇಳಿಸಿದ ಮೇಲೆಯೇ ಹೊಸ್ತಿಲು ದಾಟುವುದು. ಮೇಸ್ತ್ರಿಗೆ, ಬಡಗಿಗೆ, ಯಾವುದೇ ಕುಶಲಕರ್ಮಿಗೆ ‘ಫುಂದಿ’ ಎಂದೇ ಹೆಸರು.

ಗಡಿಯಾರದ ವಿಷಯವನ್ನು ನಾನು ಪೆಟ್ಟು ತಿಂದು ಕಲಿತೆ. ‘ಸಾ ಮ್ಬಿಲಿ’ಗೆ ಬಾ ಎಂದರು. ಮ್ಬಿಲಿ ಎಂದರೆ ಎರಡು ಎಂದು ತಿಳಿದು ಮಧ್ಯಾಹ್ನ ಎರಡಕ್ಕೆ ಹೋದೆ; ಗಾರೆಯೆಲ್ಲ ಮುಗಿದು ಫುಂದಿ ಕೈ ತೊಳೆಯುತ್ತಿದ್ದ. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಸೂರ್ಯೋದಯದಿಂದ. ನಮ್ಮ ಏಳು ಗಂಟೆ ಅವರ ಒಂದು, ನಮ್ಮ ಎಂಟು ಅವರ ಎರಡು. ಯಾರು ಸಮಯ ಹೇಳಿದರೂ ಆರು ಕೂಡಿಸಿ, ಬೆಳಗ್ಗೆಯೋ ಮಧ್ಯಾಹ್ನವೋ ಎಂದು ಇನ್ನೊಮ್ಮೆ ಕೇಳಿ.

ಹಂತ 6: ಸುಣ್ಣದ ಕೆಲಸ

ಈ ಊರುಗಳ ಗೋಡೆ ಹವಳದ ಕಲ್ಲಿನದು. ಗಾರೆ ಸುಣ್ಣದ್ದು, ಅಲ್ಲಿ ‘ಚೊಕಾ’ ಎನ್ನುತ್ತಾರೆ. ಮಾಳಿಗೆ ಹೊರುವುದು ಕಾಂಡ್ಲಾ ಮರದ ಕಂಬಗಳು, ‘ಬೊರಿತಿ’. ಈ ಕಂಬಗಳ ಉದ್ದಕ್ಕೆ ತಕ್ಕಂತೆ ಕೋಣೆ ಕಟ್ಟಬೇಕಾದ್ದರಿಂದ ಹಳೆಯ ಕೋಣೆಗಳ ಅಗಲ ಹೆಚ್ಚಾಗಿ ಎರಡೂವರೆಯಿಂದ ಮೂರು ಮೀಟರ್ ಒಳಗೇ ನಿಲ್ಲುತ್ತದೆ. ಮನೆಯ ಮುಂದಿನ ಕಲ್ಲಿನ ಜಗಲಿ ‘ಬರಾಜಾ’. ಊರಿನ ಸುದ್ದಿ, ಬಾವೊ ಎಂಬ ಮಣೆಯಾಟ, ವ್ಯಾಪಾರ, ಜಗಳ ಎಲ್ಲ ಅಲ್ಲಿಯೇ. ಮೊದಲ ಎರಡು ದಿನ ನೀವೂ ಅಲ್ಲಿ ಕುಳಿತು ನೋಡಿದರೆ ನಷ್ಟವಿಲ್ಲ.

ಹವಳದ ಕಲ್ಲನ್ನು ಸೌದೆಯ ಒಟ್ಟಿಲಿನ ಮೇಲೆ ಸುಟ್ಟರೆ ಸುಟ್ಟ ಸುಣ್ಣ ಸಿಗುತ್ತದೆ. ನೀರಿಗೆ ಹಾಕಿದಾಗ ಅದು ಕೊತಕೊತ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಗುಂಡಿಯಲ್ಲಿ ತಿಂಗಳುಗಟ್ಟಲೆ ಕೊಳೆಯಹಾಕಿದಷ್ಟೂ ಗಾರೆ ನಯ. ನಮ್ಮ ಕರಾವಳಿಯಲ್ಲಿ ಚಿಪ್ಪುಸುಣ್ಣ ಕಂಡವರಿಗೆ ಇದು ಹೊಸದೇನಲ್ಲ.

ಎಚ್ಚರಿಕೆ: ಸುಣ್ಣ ಅರಳಿಸುವ ಕಡೆ ಕನ್ನಡಕವಿಲ್ಲದೆ ನಿಲ್ಲಬೇಡಿ. ನೀರಿಗೆ ಸುಣ್ಣ ಹಾಕಬೇಕು, ಸುಣ್ಣದ ರಾಶಿಗೆ ನೀರು ಸುರಿದರೆ ಸಿಡಿಯುತ್ತದೆ. ಕಣ್ಣಿಗೆ ಸಿಡಿದರೆ ಉಜ್ಜದೆ, ಹದಿನೈದಿಪ್ಪತ್ತು ನಿಮಿಷ ಶುದ್ಧ ನೀರಿನಿಂದ ಬಿಡದೆ ತೊಳೆಯುತ್ತಾ ಆಸ್ಪತ್ರೆಗೆ ಓಡಿ. ಬೆವರಿದ ಚರ್ಮಕ್ಕೆ ಹಸಿ ಗಾರೆ ತಾಗಿಯೇ ಇದ್ದರೆ ಸಂಜೆಯ ಹೊತ್ತಿಗೆ ಬೊಬ್ಬೆ ಏಳುತ್ತದೆ.

ಈಗ ಸಿಮೆಂಟಿನ ಮಾತು. ಕಟ್ಟಡ ಬಿರುಕು ಬಿಟ್ಟಿದೆ, ಎರಡು ಚೀಲ ಸಿಮೆಂಟ್ ತಂದು ಬಳಿದರೆ ಆಯಿತಲ್ಲ ಎಂದು ಪ್ರತಿ ತಂಡದಲ್ಲಿಯೂ ಒಬ್ಬರು ಹೇಳುತ್ತಾರೆ. ಸಾಮಾನ್ಯವಾಗಿ ಸಿವಿಲ್ ಎಂಜಿನಿಯರೇ. ಹವಳದ ಕಲ್ಲು ಸ್ಪಂಜಿನಂತೆ ತೇವ ಹೀರಿ, ಬಿಸಿಲಿಗೆ ಬಿಡುತ್ತದೆ. ಸುಣ್ಣದ ಗಾರೆಯೂ ಹಾಗೆಯೇ. ಸಿಮೆಂಟ್ ತೇವವನ್ನು ಒಳಗೇ ಹಿಡಿದಿಡುತ್ತದೆ. ಕಡಲ ಗಾಳಿಯ ಉಪ್ಪು ಕಲ್ಲಿನೊಳಗೆ ಹರಳುಗಟ್ಟಿ ಮೇಲ್ಮೈಯನ್ನು ಪುಡಿಮಾಡುತ್ತದೆ, ಗೋಡೆಯೊಳಗಿನ ಬೊರಿತಿಯ ತುದಿ ಕಣ್ಣಿಗೆ ಕಾಣದೆ ಕೊಳೆಯುತ್ತದೆ. ಹೊರಗೆ ನುಣ್ಣಗೆ ಕಾಣುವ ಮನೆಯ ಮಾಳಿಗೆ ಒಂದು ದಿನ ಕುಸಿಯುತ್ತದೆ. ದೊಡ್ಡ ಕಟ್ಟಡದ ಕುಸಿತ ಎಂಥದ್ದೆಂಬುದಕ್ಕೆ, ಕಾರಣಗಳು ಏನೇ ಇರಲಿ, ಜಾಂಜಿಬಾರಿನ ‘ಬೈತ್ ಅಲ್ ಅಜಾಯಿಬ್’ ಕಣ್ಣ ಮುಂದಿದೆ. ಸುಲ್ತಾನ್ ಬರ್ಗಷ್ 1883ರಲ್ಲಿ ಕಟ್ಟಿಸಿದ ಈ ಅಚ್ಚರಿಗಳ ಅರಮನೆಯ ಒಂದು ಭಾಗ 2020ರ ಡಿಸೆಂಬರ್ 25ರಂದು, ದುರಸ್ತಿ ನಡೆಯುತ್ತಿದ್ದಾಗಲೇ ಬಿದ್ದು ಇಬ್ಬರು ಸತ್ತರು. ಹಳೆಯ ಕಟ್ಟಡದೊಳಗೆ ಹೆಲ್ಮೆಟ್ ಇಲ್ಲದೆ, ಫುಂದಿಯ ಅಪ್ಪಣೆ ಇಲ್ಲದೆ ಕಾಲಿಡಬೇಡಿ. ಯಾವ ಆನಿಕೆ ಕಂಬವನ್ನೂ ಸರಿಸಬೇಡಿ.

ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಅದೂ ನಿಧಾನಕ್ಕೆ. ತೆಳುವಾಗಿ ಒಂದು ಪದರ ಬಳಿದು, ಒದ್ದೆ ಗೋಣಿಯಿಂದ ನೆರಳು ಕೊಟ್ಟು, ದಿನವೂ ನೀರು ಚಿಮುಕಿಸಿ, ಆಮೇಲೆ ಮುಂದಿನ ಪದರ. ಹೊಸಬರು ದಪ್ಪಗೆ ಬಳಿದು ಒಂದೇ ದಿನದಲ್ಲಿ ಮುಗಿಸಲು ನೋಡುತ್ತಾರೆ. ಮೂರನೆಯ ದಿನ ಅದು ಹಪ್ಪಳದಂತೆ ಎದ್ದು ಬರುತ್ತದೆ. ನಿಮ್ಮ ಗೋಣಿ ಒದ್ದೆಮಾಡುವ ಕೆಲಸ ನೀರಸ ಎನ್ನಿಸಬಹುದು, ಆದರೆ ಗೋಡೆ ನಿಲ್ಲುವುದು ಅದರಿಂದಲೇ. ಒಂದು ಸಣ್ಣ ಮಾತು: ನಮ್ಮ ಹಿರಿಯರು ಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಬೆರೆಸುತ್ತಿದ್ದರು ಎಂಬ ಕಥೆಯನ್ನು ಚಹಾದ ಹೊತ್ತಿನಲ್ಲಿ ಧಾರಾಳವಾಗಿ ಹೇಳಿ. ಗಾರೆಯ ಗುಂಡಿಗೆ ಮಾತ್ರ ಹಾಕಲು ಹೋಗಬೇಡಿ.

ಕೆತ್ತನೆಯ ಬಾಗಿಲುಗಳನ್ನು ಹೊಳಪಿಸುವ ಹುಮ್ಮಸ್ಸೂ ಬೇಡ. ಹಿತ್ತಾಳೆ ಮೊಳೆಗಳಿರುವ, ಗುಜರಾತಿ ಶೈಲಿಯ ಬಾಗಿಲುಗಳು ಸ್ಟೋನ್ ಟೌನ್ ತುಂಬ ಇವೆ. ವಾರ್ನಿಷ್, ಆಸಿಡ್, ಮರಳು ಕಾಗದ ಮೂರೂ ಅವಕ್ಕೆ ವಿಷ. ಒಣ ಕುಂಚದಿಂದ ದೂಳು ತೆಗೆಯುವುದಷ್ಟೇ ನಿಮ್ಮ ಪಾಲು.

ಹಂತ 7: ಬರೆದಿಡುವುದು, ಕೇಳಿಸಿಕೊಳ್ಳುವುದು

ಕಟ್ಟಡದ ಫೋಟೊ ಎಂದರೆ ನೀವು ಮುಂದೆ ನಿಂತ ಸೆಲ್ಫಿ ಅಲ್ಲ. ಕೆಲಸಕ್ಕೆ ಮೊದಲು, ನಡುವೆ, ನಂತರ ಒಂದೇ ಜಾಗದಿಂದ ಮೂರು ಚಿತ್ರ; ಪ್ರತಿಯೊಂದರಲ್ಲೂ ಅಳತೆ ಕೋಲು; ಕಡತದ ಹೆಸರಿನಲ್ಲಿ ದಿನಾಂಕ, ಕೋಣೆ, ದಿಕ್ಕು. ‘ಐಎಂಜಿ 4471’ ಎಂಬ ಹೆಸರಿನ ಚಿತ್ರ ಐದು ವರ್ಷದ ನಂತರ ಯಾರಿಗೂ ಉಪಯೋಗವಿಲ್ಲ.

ಮಾತು ಧ್ವನಿಮುದ್ರಿಸುವುದು ಇನ್ನೂ ಸೂಕ್ಷ್ಮ. ತಾರಬ್ ಹಾಡುವವರು, ಹಡಗು ಕಟ್ಟುವವರು, ಮದುವೆಯ ಪದ ಹೇಳುವ ಹೆಂಗಸರು ಕಲಿತದ್ದು ಅವರ ಆಸ್ತಿ. ಯಂತ್ರ ಒತ್ತುವ ಮೊದಲು ಅವರ ಭಾಷೆಯಲ್ಲಿಯೇ ಮೂರು ಸಂಗತಿ ಹೇಳಿ: ಇದನ್ನು ಯಾರು ಕೇಳುತ್ತಾರೆ, ಎಲ್ಲಿ ಇಡುತ್ತಾರೆ, ಬೇಡವೆಂದರೆ ಅಳಿಸಬಹುದೇ. ಹೆಣ್ಣುಮಕ್ಕಳ ಆಚರಣೆಗಳ ಹಾಡು ಗಂಡಸರಿಗೆ ಕೇಳಿಸುವಂಥದ್ದೇ ಎಂದು ವಿಚಾರಿಸಿ. ಒಪ್ಪಿಗೆ ಸಿಕ್ಕಿತೆಂದು ಅಂತರ್ಜಾಲಕ್ಕೆ ಏರಿಸುವ ಒಪ್ಪಿಗೆಯೂ ಸಿಕ್ಕಂತಲ್ಲ. ಅದನ್ನು ಬೇರೆಯಾಗಿ ಕೇಳಬೇಕು. ಇದೇ ಕಟ್ಟುಪಾಡು ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ದಮ್ಮಾಮಿ ಕುಣಿತವನ್ನು ಚಿತ್ರೀಕರಿಸಲು ಹೋಗುವವರಿಗೂ ಅನ್ವಯಿಸುತ್ತದೆ. ಅವರ ಪೂರ್ವಜರೂ ಆಫ್ರಿಕಾದಿಂದಲೇ ಕಡಲು ದಾಟಿ ಬಂದವರು. ಅವರ ಅಂಗಳಕ್ಕೆ ಕ್ಯಾಮೆರಾ ಹಿಡಿದು ಹೇಳದೆ ಕೇಳದೆ ನುಗ್ಗುವವರನ್ನು ಬಹಳ ಕಂಡಿದ್ದೇನೆ.

ಹೋಗಲು ಆಗದವರು ಮನೆಯಿಂದಲೇ ಮಾಡಬಹುದಾದ ಕೆಲಸವೂ ಇದೆ. ಓಪನ್ ಸ್ಟ್ರೀಟ್ ಮ್ಯಾಪ್‌ನಲ್ಲಿ ಈ ಊರುಗಳ ಕಟ್ಟಡ ಗುರುತಿಸಬಹುದು, ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಈಗಾಗಲೇ ಇರುವ ಚಿತ್ರಗಳಿಗೆ ಸರಿಯಾದ ವಿವರ ಬರೆಯಬಹುದು, ಕನ್ನಡ ವಿಕಿಪೀಡಿಯಾದಲ್ಲಿ ಲೇಖನಗಳನ್ನು ಬೆಳೆಸಬಹುದು. ಖರ್ಚು ಇಂಟರ್‌ನೆಟ್ಟಿನದಷ್ಟೇ.

ಹಂತ 8: ಹಿಂದಿರುಗುವಾಗ

ಕಿಲ್ವಾದ ದಡದಲ್ಲಿ ನಡೆದರೆ ಕಾಲಿಗೆ ಹಳೆಯ ಮಡಕೆ ಚೂರು, ಮಣಿ, ಪಿಂಗಾಣಿ ತುಂಡು ಸಿಗುತ್ತವೆ. ಒಂದನ್ನೂ ಜೇಬಿಗೆ ಹಾಕಿಕೊಳ್ಳಬೇಡಿ. ಎರಡೂ ದೇಶಗಳಲ್ಲಿ ಪ್ರಾಚ್ಯವಸ್ತುಗಳನ್ನು ಅನುಮತಿಯಿಲ್ಲದೆ ಹೊರಗೊಯ್ಯುವುದು ಅಪರಾಧ, ಸಣ್ಣ ತುಂಡೆಂಬ ನೆಪ ನಡೆಯುವುದಿಲ್ಲ. ಕಂಡದ್ದನ್ನು ಅಲ್ಲಿಯೇ ಬಿಟ್ಟು, ಜಾಗ ಗುರುತಿಸಿ, ಕಾವಲಿನವರಿಗೆ ತಿಳಿಸಿ. ಹವಳ, ಕಡಲ ಚಿಪ್ಪುಗಳನ್ನೂ ಕೊಳ್ಳಬೇಡಿ. ಲವಂಗ ತನ್ನಿ, ತೊಂದರೆಯಿಲ್ಲ.

ಕೈಗವಸು, ಕನ್ನಡಕ, ಬೂಟುಗಳನ್ನು ಫುಂದಿಗೆ ಬಿಟ್ಟುಬನ್ನಿ. ಆದರೆ ಸವೆದುಹೋದದ್ದನ್ನು ದಾನವೆಂದು ಕೊಡಬೇಡಿ. ಫೋಟೊಗಳ, ಧ್ವನಿಮುದ್ರಣಗಳ ಒಂದು ಪ್ರತಿ ಆತಿಥೇಯ ಸಂಸ್ಥೆಗೆ, ಇನ್ನೊಂದು ಆ ಊರಿನ ವಸ್ತುಸಂಗ್ರಹಾಲಯಕ್ಕೆ. ಇದನ್ನು ಹೊರಡುವ ಮುನ್ನ ಅಲ್ಲಿಯೇ ಮಾಡಿ, ‘ಊರಿಗೆ ಹೋಗಿ ಕಳಿಸುತ್ತೇನೆ’ ಎಂದವರಲ್ಲಿ ಕಳಿಸಿದವರು ಕಡಿಮೆ. ಮಾತಾಡಿದ ಹಿರಿಯರಿಗೆ ಅವರ ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿ ಕೊಡಿ. ಮುದ್ರಿಸುವ ಅಂಗಡಿ ಸ್ಟೋನ್ ಟೌನ್‌ನಲ್ಲಿಯೇ ಸಿಗುತ್ತದೆ. ಕೊಡಲು ಹೋದಾಗ ಬಾಗಿಲಲ್ಲಿ ನಿಂತು ‘ಹೋದಿ’ ಎನ್ನುವುದನ್ನು ಮರೆಯಬೇಡಿ.